ಬಿಳಿ ಹೋಗುವುದನ್ನು ಕ್ಯಾಲೆಂಡರಿನಲ್ಲಿ ಓದುವುದು ಹೇಗೆ

ಬಿಳಿ ಹೋಗುತ್ತೆ ಅಂತ ಬಂದವರಿಗೆ ನಾನು ಕೇಳುವ ಮೊದಲ ಪ್ರಶ್ನೆ: ಕೊನೇ ಸಲ ಮುಟ್ಟಾಗಿದ್ದು ಯಾವತ್ತು? ಅರ್ಧಕ್ಕರ್ಧ ಜನ ತಡವರಿಸುತ್ತಾರೆ. "ಅಮಾಸೆ ಆಸುಪಾಸಲ್ಲಿ ಸಿಸ್ಟ್ರೇ", "ಜಾತ್ರೆ ಮುಗಿದ್ಮೇಲೆ ಇರ್ಬೇಕು", "ನಮ್ಮತ್ತೆಗೆ ಗೊತ್ತು, ಕೇಳ್ಕೊಂಡು ಬರ್ಲಾ?" ಬಣ್ಣ, ವಾಸನೆ, ನವೆ ಎಲ್ಲ ಆಮೇಲೆ ಕೇಳುತ್ತೇನೆ. ತಾರೀಖು ಇಲ್ಲದೆ ಬಿಳಿಯ ಬಗ್ಗೆ ಏನೂ ಹೇಳೋಕೆ ಬರಲ್ಲ. ಮುಟ್ಟಾದ 13ನೇ ದಿನ ಜಾರುವ ಲೋಳೆ ಕಂಡರೆ ಅಂಡಾಶಯ ತನ್ನ ಪಾಡಿಗೆ ಕೆಲಸ ಮಾಡುತ್ತಿದೆ ಅಂತ ಅರ್ಥ. ತಿಂಗಳಿಡೀ ನೀರಿನ ಹಾಗೆ, ವಾಸನೆ ಸಮೇತ ಹೋಗುತ್ತಿದ್ದರೆ ಔಷಧಿ ಬೇಕು.

ನಾನು ಹಾಸನ ಜಿಲ್ಲೆಯ ಅರಸೀಕೆರೆ ಕಡೆಯ ಉಪಕೇಂದ್ರಗಳಲ್ಲಿ ಆರೋಗ್ಯ ಸಹಾಯಕಿಯಾಗಿದ್ದವಳು. ಈಗ ಆ ಹುದ್ದೆಗೆ ಪ್ರಾಥಮಿಕ ಆರೋಗ್ಯ ಸುರಕ್ಷಾಧಿಕಾರಿ ಅಂತ ಉದ್ದನೆ ಹೆಸರು ಬಂದಿದೆ, ಊರವರ ಬಾಯಲ್ಲಿ ಮಾತ್ರ ಸಿಸ್ಟ್ರಮ್ಮನೇ. ಗುರುವಾರ ಮಕ್ಕಳಿಗೆ ಲಸಿಕೆ ಹಾಕಿಸೋಕೆ ಬಂದ ತಾಯಂದಿರು ಮಗುವಿನ ಕಾರ್ಡು ಬರೆಸಿಕೊಂಡು, ಎಲ್ಲರೂ ಹೋಗಲಿ ಅಂತ ಕಾದು, ಆಮೇಲೆ ಈ ಮಾತು ತೆಗೆಯುತ್ತಿದ್ದರು. ಅವರಿಗೆಲ್ಲ ಹೇಳಿಕೊಟ್ಟದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ. ನನ್ನ ಮಾತಿನ ತಿರುಳು ಇಷ್ಟೇ: ಬಿಳಿಯನ್ನು ಕಾಯಿಲೆ ಅಂತ ತೀರ್ಮಾನ ಮಾಡುವ ಮೊದಲು ಎರಡು ಮೂರು ತಿಂಗಳು ಅದರ ನಡೆ ನೋಡಿ. ನವೆ, ನೋವು, ಕೆಟ್ಟ ವಾಸನೆ, ರಕ್ತ ಇದ್ದರೆ ಮಾತ್ರ ಕಾಯಬೇಡಿ.

ಹೊರಗೆ ಬರುವುದು ಏನು ಅಂತ ಮೊದಲು ತಿಳಿದಿರಲಿ. ಯೋನಿಯ ಗೋಡೆಯಿಂದ ಜಿನುಗುವ ತೇವ, ಅಲ್ಲಿಂದ ಉದುರುವ ಹಳೇ ಜೀವಕೋಶಗಳು, ಗರ್ಭಕೋಶದ ಬಾಯಲ್ಲಿ ತಯಾರಾಗುವ ಲೋಳೆ, ಈ ಮೂರೂ ಬೆರೆತದ್ದೇ ಬಿಳಿ. ಮುಟ್ಟಾಗುವ ವಯಸ್ಸಿನಲ್ಲಿ ದಿನಕ್ಕೆ ಸುಮಾರು 1ರಿಂದ 4 ಮಿಲಿಲೀಟರ್, ಅಂದರೆ ಒಂದು ಟೀ ಚಮಚ ತುಂಬದಷ್ಟು ಹೋಗುವುದು ಮಾಮೂಲಿ. ಯೋನಿಯೊಳಗೆ ಲ್ಯಾಕ್ಟೋಬ್ಯಾಸಿಲಸ್ ಅನ್ನುವ ಒಳ್ಳೇ ಬ್ಯಾಕ್ಟೀರಿಯಾಗಳು ಇರುತ್ತವೆ. ಅವು ಲ್ಯಾಕ್ಟಿಕ್ ಆಮ್ಲ ಹುಟ್ಟಿಸಿ ಜಾಗವನ್ನು ಹುಳಿಯಾಗಿ ಇಡುತ್ತವೆ. ಪಿಎಚ್ ಲೆಕ್ಕದಲ್ಲಿ 3.8ರಿಂದ 4.5. ಕೆಟ್ಟ ಕ್ರಿಮಿಗಳಿಗೆ ಆ ಹುಳಿ ಆಗಿಬರಲ್ಲ. ಕಪ್ಪು ಅಥವಾ ನೀಲಿ ಚಡ್ಡಿಯ ನಡುಭಾಗ ಕೆಲವು ತಿಂಗಳಲ್ಲಿ ಬಣ್ಣ ಕಳೆದುಕೊಂಡು ಮಾಸಲಾಗುತ್ತಲ್ಲ, ಅದಕ್ಕೆ ಈ ಹುಳಿಯೇ ಕಾರಣ. ಸೋಪಿನ ಪುಡಿಯನ್ನು ಬೈದು ಪ್ರಯೋಜನವಿಲ್ಲ. ಬಟ್ಟೆಯ ಮೇಲೆ ಒಣಗಿದ ಬಿಳಿ ತೆಳು ಹಳದಿಗೆ ತಿರುಗುವುದೂ ಸಹಜವೇ.

"ಮೂಳೆ ಸವೆದು ಬಿಳಿಯಾಗಿ ಹೋಯ್ತದೆ, ಅದಕ್ಕೇ ಸೊಂಟ ಬಿದ್ದೋಗೈತೆ" ಅನ್ನುವ ಮಾತನ್ನು ನಾನು ಎಷ್ಟು ಬಾಯಲ್ಲಿ ಕೇಳಿದ್ದೇನೋ. ಮೂಳೆ ಕರಗಿ ಆ ದಾರಿಯಲ್ಲಿ ಬರೋಕೆ ಸಾಧ್ಯವೇ ಇಲ್ಲ. ಸುಸ್ತು, ತಲೆಸುತ್ತು, ಕಾಲುಸೆಳೆತ ಇರುವವರಿಗೆ ನಾನು ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸುತ್ತಿದ್ದೆ, ಬಹಳ ಸಲ ಉತ್ತರ ಅಲ್ಲೇ ಸಿಗುತ್ತಿತ್ತು. ಬಸುರಿಯಲ್ಲದ ಹೆಂಗಸಿಗೆ 12 ಗ್ರಾಂ ಇರಬೇಕು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಜನರಿಗೆ ರಕ್ತಹೀನತೆ ಇತ್ತು. ಬಿಳಿಯೂ ಇದೆ, ಸುಸ್ತೂ ಇದೆ, ಆದರೆ ಒಂದರಿಂದ ಇನ್ನೊಂದು ಆದದ್ದಲ್ಲ. ಇನ್ನು ಉಷ್ಣಕ್ಕೇ ಬಿಳಿ ಹೋಗುತ್ತೆ ಅನ್ನುವ ಮಾತು. ಬೇಸಿಗೆಯಲ್ಲಿ ಎಳನೀರು, ಮೆಂತ್ಯದ ನೀರು, ಸಬ್ಬಕ್ಕಿ ಗಂಜಿ ಕುಡಿಯುವುದಾದರೆ ಧಾರಾಳವಾಗಿ ಕುಡಿಯಿರಿ. ತಿಪಟೂರು ಅರಸೀಕೆರೆ ಸೀಮೆಯಲ್ಲಿ ಹುಟ್ಟಿ ಎಳನೀರು ಬೇಡ ಅನ್ನೋಕೆ ನನಗಂತೂ ಬಾಯಿ ಬರಲ್ಲ. ಅದರಿಂದ ಲೋಳೆ ನಿಲ್ಲುತ್ತೆ ಅಂತ ಮಾತ್ರ ಕಾಯಬೇಡಿ.

ತಿಂಗಳ ನಡೆ

ಮುಟ್ಟು ಶುರುವಾದ ದಿನವೇ 1ನೇ ದಿನ. ಮುಂದಿನ ಮುಟ್ಟಿನ ಹಿಂದಿನ ದಿನಕ್ಕೆ ಒಂದು ಚಕ್ರ ಮುಗಿಯಿತು. ವಯಸ್ಕ ಹೆಂಗಸಿನಲ್ಲಿ ಇದು 21ರಿಂದ 35 ದಿನ, ಮೈನೆರೆದು ಇನ್ನೂ ಒಂದೆರಡು ವರ್ಷವಾದ ಹುಡುಗಿಯರಲ್ಲಿ 45 ದಿನದವರೆಗೂ ಹೋಗಬಹುದು.

ರಕ್ತ ನಿಂತ ಮೇಲೆ ಒಂದೆರಡು ದಿನ ಕಂದು ಬಣ್ಣದ ಕಲೆ ಕಾಣಬಹುದು, ನಿಧಾನವಾಗಿ ಹೊರಬಂದ ಹಳೇ ರಕ್ತ ಅದು. ಆಮೇಲೆ ಕೆಲವು ದಿನ ಒಣ. ಒರೆಸಿದರೆ ಬಟ್ಟೆಗೆ ಏನೂ ಹತ್ತಲ್ಲ. ಅಷ್ಟರಲ್ಲಿ ಅಂಡಾಶಯದಲ್ಲಿ ಒಂದು ಅಂಡ ಬಲಿಯುತ್ತಿರುತ್ತೆ, ಅದರ ಜೊತೆಗೆ ಈಸ್ಟ್ರೋಜನ್ ಹಾರ್ಮೋನು ಏರುತ್ತಿರುತ್ತೆ. ಅದು ಏರಿದಂತೆ ಗರ್ಭಕೋಶದ ಬಾಯಿ ಲೋಳೆ ಹುಟ್ಟಿಸುತ್ತೆ. ಮೊದಮೊದಲು ಬರುವುದು ಮಂದ, ಬಿಳಿ, ಅಂಟಂಟು. ಬೆರಳಲ್ಲಿ ಹಿಡಿದು ಎಳೆದರೆ ತಟಕ್ಕನೆ ತುಂಡಾಗುತ್ತೆ. ದಿನ ಕಳೆದಂತೆ ಅದೇ ಲೋಳೆ ತಿಳಿಯಾಗಿ, ಹೆಚ್ಚಾಗಿ, ಜಾರತೊಡಗುತ್ತೆ. ಎಲ್ಲರೂ ಮೊಟ್ಟೆಯ ಬಿಳಿಗೆ ಹೋಲಿಸುತ್ತಾರೆ. ಮೊಟ್ಟೆ ಮುಟ್ಟದ ಮನೆಯವರಿಗೆ ನಾನು ಎಳೇ ಬೆಂಡೆಕಾಯಿ ಹೆಚ್ಚುವಾಗ ಚಾಕುವಿಗೆ ನೂಲು ಹಿಡಿಯುತ್ತಲ್ಲ, ಅದನ್ನು ನೆನೆಸಿಕೊಳ್ಳಿ ಅನ್ನುತ್ತಿದ್ದೆ. ಹೆಬ್ಬೆರಳು ತೋರುಬೆರಳ ನಡುವೆ ಹಿಡಿದು ಬಿಡಿಸಿದರೆ ಮುರಿಯದೆ ಉದ್ದಕ್ಕೆ ಬರುತ್ತೆ, ಕೆಲವರಲ್ಲಿ 8–10 ಸೆಂಟಿಮೀಟರ್‌ವರೆಗೂ. ಈ ಜಾರುಲೋಳೆ ಸಾಮಾನ್ಯವಾಗಿ 3ರಿಂದ 5 ದಿನ ಇರುತ್ತೆ. "ಜಾಸ್ತಿ ಹೋಗ್ತಿದೆ" ಅಂತ ಗಾಬರಿಯಾಗಿ ಬರುವ ಎಳೆ ವಯಸ್ಸಿನವರಲ್ಲಿ ಹೆಚ್ಚಿನವರು ಬರುವುದು ಇದೇ ದಿನಗಳಲ್ಲಿ.

ಅಂಡ ಬಿಡುಗಡೆಯಾದ ಕೂಡಲೇ ಪ್ರೊಜೆಸ್ಟರಾನ್ ಅನ್ನುವ ಇನ್ನೊಂದು ಹಾರ್ಮೋನು ಮೇಲುಗೈ ಸಾಧಿಸುತ್ತೆ. ಲೋಳೆ ಒಂದೇ ದಿನದಲ್ಲಿ ಬದಲಾಗುತ್ತೆ: ನಿನ್ನೆ ಜಾರುತ್ತಿದ್ದದ್ದು ಇವತ್ತು ಮಂದವಾಗಿ ಅಂಟುತ್ತೆ ಅಥವಾ ಕಾಣದೇ ಹೋಗುತ್ತೆ. ಗರ್ಭಕೋಶದ ಬಾಯಿಗೆ ಬಿರಡೆ ಬಿದ್ದಂತೆ. ನಡೆಯಲ್ಲಿ ಎಲ್ಲಕ್ಕಿಂತ ಮುಖ್ಯವಾದ ಗುರುತು ಈ ಬದಲಾವಣೆಯೇ. ಜಾರುಲೋಳೆ ಕಂಡ ಕೊನೆಯ ದಿನದ ಹಿಂದೆ ಮುಂದೆಯೇ ಅಂಡ ಬಿಡುಗಡೆಯಾಗಿರುತ್ತೆ. ಅದು ಕೊನೆಯ ದಿನ ಅಂತ ಗೊತ್ತಾಗುವುದು ಮಾರನೇ ದಿನ, ಅದಕ್ಕೇ ಬರೆದಿಡಬೇಕು ಅನ್ನುವುದು. ಆಗ ಕೆಳಹೊಟ್ಟೆಯ ಒಂದು ಪಕ್ಕ ಸಣ್ಣಗೆ ಚುಚ್ಚಿದ ಹಾಗಾಗುವುದು, ಅಪರೂಪಕ್ಕೆ ಒಂದು ತೊಟ್ಟು ರಕ್ತ ಕಾಣುವುದು ಕೆಲವರಲ್ಲಿ ಉಂಟು. ಆಮೇಲಿನ ಎರಡು ವಾರ ಒಣ ಅಥವಾ ಮಂದ ಬಿಳಿ. ಮುಟ್ಟಿಗೆ ಒಂದೆರಡು ದಿನ ಮುಂಚೆ ಮತ್ತೆ ಸ್ವಲ್ಪ ಒದ್ದೆ ಅನ್ನಿಸಬಹುದು.

ಪಾಠದ ಪುಸ್ತಕದ 14ನೇ ದಿನದ ಲೆಕ್ಕ ನೆಚ್ಚಿಕೊಂಡು ಕೂರಬೇಡಿ. ಚಕ್ರದಲ್ಲಿ ಹಿಗ್ಗುವುದು ಕುಗ್ಗುವುದು ಹೆಚ್ಚಾಗಿ ಮೊದಲ ಭಾಗ. ಅಂಡ ಬಿಟ್ಟ ಮೇಲೆ ಮುಟ್ಟಿನವರೆಗಿನ ಭಾಗ ಒಬ್ಬೊಬ್ಬರಲ್ಲೂ ಹೆಚ್ಚುಕಮ್ಮಿ ಒಂದೇ ಸಮ, ಎರಡು ವಾರದ ಆಸುಪಾಸು. 35 ದಿನಕ್ಕೆ ಮುಟ್ಟಾಗುವವರಿಗೆ ಜಾರುಲೋಳೆ ಮೂರನೇ ವಾರದಲ್ಲಿ ಬರುತ್ತೆ. 23 ದಿನದವರಿಗೆ ರಕ್ತ ನಿಲ್ಲುತ್ತಿದ್ದಂತೆಯೇ ಶುರುವಾಗಿ ಒಣ ದಿನಗಳೇ ಕಾಣದಿರಬಹುದು. ಇದರಿಂದ ಇನ್ನೊಂದು ಉಪಯೋಗವೂ ಇದೆ: ಜಾರುಲೋಳೆ ನಿಂತ ದಿನದಿಂದ ಸುಮಾರು ಎರಡು ವಾರ ಎಣಿಸಿದರೆ ಮುಂದಿನ ಮುಟ್ಟು ಯಾವಾಗ ಅಂತ ಅಂದಾಜು ಸಿಗುತ್ತೆ, ಚಕ್ರ ಏರುಪೇರಾಗುವವರಿಗೂ. ಗೃಹಪ್ರವೇಶಕ್ಕೆ, ಮದುವೆಗೆ, ಧರ್ಮಸ್ಥಳದ ಪ್ರಯಾಣಕ್ಕೆ ಅಂತ ಮೆಡಿಕಲ್ ಸ್ಟೋರಿನಲ್ಲಿ ಮುಂದೂಡುವ ಮಾತ್ರೆ ಕೇಳಿ ನುಂಗುವವರು ಮೊದಲು ಈ ಲೆಕ್ಕ ಹಾಕಿ ನೋಡಬಾರದೇ ಅನ್ನಿಸುತ್ತೆ ನನಗೆ. ಆ ತಾರೀಖಿಗೆ ಮುಟ್ಟೇ ಬರುವುದಿಲ್ಲ ಅಂತಿದ್ದರೆ ಮಾತ್ರೆ ಯಾಕೆ?

ಬಚ್ಚಲಲ್ಲಿ ನೋಡುವುದು

ಹೊರದೇಶದ ಪುಸ್ತಕಗಳು ಟಿಶ್ಯೂ ಪೇಪರಿನಲ್ಲಿ ಒರೆಸಿ ನೋಡಿ ಅನ್ನುತ್ತವೆ. ನಮ್ಮದು ಚೊಂಬು. ನೀರು ಸುರಿದ ಮೇಲೆ ನೋಡೋಕೆ ಏನು ಉಳಿದಿರುತ್ತೆ? ಹಾಗಾಗಿ ಮೂತ್ರಕ್ಕೆ ಕೂರುವ ಮೊದಲೇ, ನೀರು ಸೋಕುವ ಮೊದಲೇ ನೋಡಬೇಕು. ಹಳೇ ಬಿಳಿ ಪಂಚೆಯನ್ನು ಅಂಗೈಯಗಲಕ್ಕೆ ತುಂಡು ಮಾಡಿ ಒಗೆದು ಒಣಗಿಸಿಟ್ಟುಕೊಳ್ಳಿ. ಕೈ ತೊಳೆದುಕೊಂಡು, ತುಂಡನ್ನು ಮಡಿಚಿ, ಯೋನಿಯ ಬಾಯಿಯ ಮೇಲೆ ಮುಂದಿನಿಂದ ಹಿಂದಕ್ಕೆ ಒಂದೇ ಸಲ ಒರೆಸಿ. ಬೆರಳು ಒಳಗೆ ಹಾಕಬೇಕಾದ ಅಗತ್ಯವಿಲ್ಲ, ಹಾಕಲೂಬೇಡಿ. ಒಳಗೆ ಯಾವಾಗಲೂ ಒದ್ದೆಯೇ ಇರುತ್ತೆ, ಅದರಿಂದ ನಡೆ ತಿಳಿಯಲ್ಲ.

ಒರೆಸುವಾಗಲೇ ಅರ್ಧ ಉತ್ತರ ಸಿಕ್ಕಿರುತ್ತೆ. ಬಟ್ಟೆ ತಡೆದು ತಡೆದು ಹೋಯಿತೇ, ಸುಮ್ಮನೆ ಸರಿಯಿತೇ, ಜಾರಿಕೊಂಡು ಹೋಯಿತೇ? ಆಮೇಲೆ ಬಟ್ಟೆಯ ಮೇಲೆ ಏನಿದೆ ನೋಡಿ. ಏನಾದರೂ ಇದ್ದರೆ ಎರಡು ಬೆರಳಲ್ಲಿ ಎತ್ತಿ, ಒತ್ತಿ, ಮೆಲ್ಲಗೆ ಬಿಡಿಸಿ. ನೂಲು ಬಂತೇ, ತುಂಡಾಯಿತೇ ಅಂತ ನೋಡುವುದು ಒಂದು ಕ್ಷಣದ ಕೆಲಸ. ಬಣ್ಣ ನೋಡುವುದಾದರೆ ಕಿಟಕಿ ಬೆಳಕಿಗೆ ತನ್ನಿ. ನಮ್ಮ ಕಡೆ ಬಚ್ಚಲ ಹಳದಿ ಬಲ್ಬಿನಡಿ ಎಲ್ಲರ ಬಿಳಿಯೂ ಹಳದಿಯೇ, ಅದನ್ನು ನೋಡಿ ಸೋಂಕು ಅಂದುಕೊಂಡು ಓಡಿಬಂದವರು ಎಷ್ಟೋ ಜನ. ನೋಡಿಯಾದ ಮೇಲೆ ತುಂಡನ್ನು ಸೋಪು ಹಾಕಿ ಒಗೆದು ಬಿಸಿಲಿಗೆ ಹಾಕಿ, ಮಂಚದ ಕೆಳಗೆ ಕದ್ದು ಒಣಗಿಸಬೇಡಿ.

ದಿನಕ್ಕೆ ಎರಡು ಮೂರು ಸಲ ನೋಡಿದರೆ ಸಾಕು. ನಡುವೆ ಓಡಾಡುವಾಗ ಮೈಗೆ ಏನನ್ನಿಸಿತು ಅನ್ನುವುದನ್ನೂ ಲೆಕ್ಕಕ್ಕೆ ತಗೊಳ್ಳಿ. ಕಳೆ ತೆಗೆಯೋಕೆ ಕುಕ್ಕರುಗಾಲಲ್ಲಿ ಕೂತಾಗ ಜಾರಿದ ಹಾಗಾಯ್ತು ಅಂತ ಹೆಂಗಸರು ತಾವಾಗಿಯೇ ಹೇಳುತ್ತಿದ್ದರು. ಆ ಒಂದು ಮಾತು ಬಟ್ಟೆಯ ತುಂಡಿಗಿಂತ ಹೆಚ್ಚು ನಂಬಿಕಸ್ತ. ಚಡ್ಡಿ ಹಾಕದವರು ಒಳಲಂಗದ ಕಲೆ ನೋಡಿದರೂ ಆಗುತ್ತೆ. ಗಂಡ ಹೆಂಡತಿ ಸೇರಿದ ರಾತ್ರಿಯ ಮಾರನೇ ಬೆಳಗ್ಗೆ ಕಾಣುವುದರಲ್ಲಿ ವೀರ್ಯವೂ ಬೆರೆತಿರುತ್ತೆ, ಆ ಹೊತ್ತಿನದನ್ನು ಲೆಕ್ಕಕ್ಕೆ ಹಿಡಿಯಬೇಡಿ.

ಬರೆಯುವುದು

ಮೊಬೈಲಿನಲ್ಲಿ ಆ್ಯಪುಗಳಿವೆ, ಬೇಕಾದವರು ಬಳಸಲಿ. ಅವು ಹೆಚ್ಚಾಗಿ ಹಿಂದಿನ ತಾರೀಖು ಹಿಡಿದು ಮುಂದಿನದನ್ನು ಊಹಿಸುತ್ತವೆಯೇ ಹೊರತು ನಿಮ್ಮ ಲೋಳೆಯನ್ನು ಕಂಡಿರುವುದಿಲ್ಲ. ನನಗೆ ಇಷ್ಟವಾದದ್ದು ಗೋಡೆಯ ಬೆಂಗಳೂರು ಪ್ರೆಸ್ ಕ್ಯಾಲೆಂಡರು. ಹಾಲಿನ ಲೆಕ್ಕ, ಸಿಲಿಂಡರ್ ಬಂದ ದಿನ, ಸಂಘದ ಕಂತು ಎಲ್ಲ ಅದರಲ್ಲೇ ಇರುತ್ತೆ, ಇದೊಂದು ಅಕ್ಷರ ಹೆಚ್ಚಾದರೆ ಯಾರ ಕಣ್ಣಿಗೂ ಬೀಳಲ್ಲ. ಮುಟ್ಟಿನ ದಿನಕ್ಕೆ "ಮು", ಒಣ ದಿನಕ್ಕೆ "ಒ", ಅಂಟಿಗೆ "ಅಂ", ಜಾರುಲೋಳೆಗೆ "ಜಾ". ರಾತ್ರಿ ಮಲಗುವ ಮುಂಚೆ, ಇಡೀ ದಿನದಲ್ಲಿ ಎಲ್ಲಕ್ಕಿಂತ ಹೆಚ್ಚು ಜಾರಿದ್ದು ಯಾವುದೋ ಅದನ್ನೇ ಬರೆಯಿರಿ. ಬೆಳಗ್ಗೆ ಅಂಟು, ಸಂಜೆ ಜಾರು ಅಂದರೆ ಆ ದಿನ "ಜಾ". ಜಾ ಸಾಲು ಮುಗಿದು ಒ ಅಥವಾ ಅಂ ಬಂದ ಕೂಡಲೇ ಹಿಂದಿನ ದಿನದ ಜಾ ಸುತ್ತ ಒಂದು ಗೆರೆ ಎಳೆಯಿರಿ. ನವೆಯೋ ವಾಸನೆಯೋ ಇದ್ದ ದಿನ ಪಕ್ಕದಲ್ಲಿ ಒಂದು ಚುಕ್ಕೆ. ಒಬ್ಬ ಸೊಸೆಗೆ ಅತ್ತೆ "ಇದೇನು ಜಾ ಜಾ ಅಂತ ಬರೆದಿದ್ದೀಯ" ಅಂದದ್ದಕ್ಕೆ "ಜಾಮೂನಿಂದು" ಅಂದಳಂತೆ.

ಓದು ಬರಹ ಇಲ್ಲದವರಿಗೆ ಇದೆಲ್ಲ ಆಗುತ್ತಾ ಅಂತ ನಮ್ಮ ಇಲಾಖೆಯವರೇ ಮೂಗು ಮುರಿಯುತ್ತಿದ್ದರು. ಆಗುತ್ತೆ. ಲೋಳೆ ನೋಡಿ ದಿನ ಗುರುತಿಸುವ ಕ್ರಮವನ್ನು ರೂಪಿಸಿದವರು ಆಸ್ಟ್ರೇಲಿಯಾದ ವೈದ್ಯ ದಂಪತಿ ಜಾನ್ ಮತ್ತು ಎವೆಲಿನ್ ಬಿಲಿಂಗ್ಸ್. ವಿಶ್ವ ಆರೋಗ್ಯ ಸಂಸ್ಥೆ ಅದನ್ನು ಐದು ಕಡೆ ಪರೀಕ್ಷಿಸಿತು: ಆಕ್ಲೆಂಡ್, ಡಬ್ಲಿನ್, ಮನಿಲಾ, ಎಲ್ ಸಾಲ್ವಡಾರ್‌ನ ಸಾನ್ ಮಿಗೆಲ್ ಮತ್ತು ನಮ್ಮ ಬೆಂಗಳೂರು. 1981ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ, ಶಾಲೆಯ ಮೆಟ್ಟಿಲು ಹತ್ತದವರೂ ಸೇರಿ ನೂರಕ್ಕೆ 93 ಹೆಂಗಸರು ಮೊದಲ ಚಕ್ರದಲ್ಲೇ ತಮ್ಮ ಲೋಳೆಯ ನಡೆಯನ್ನು ಅರ್ಥವಾಗುವ ಹಾಗೆ ಗುರುತು ಮಾಡಿದ್ದರು. ಅಕ್ಷರ ಬಾರದವರಿಗೆ ನಾನು ಬಣ್ಣದ ಬೊಟ್ಟು ಹಚ್ಚಿಸುತ್ತಿದ್ದೆ, ಕುಂಕುಮ ಕೆಂಪು ಮುಟ್ಟಿಗೆ, ಅರಿಸಿನ ಅಂಟಿಗೆ, ಪೆನ್ನಿನ ನೀಲಿ ಜಾರಿಗೆ.

ಮಗು ಬೇಕು, ಮಗು ಬೇಡ

ಜಾರುಲೋಳೆಯಲ್ಲಿ ವೀರ್ಯಾಣು 5 ದಿನದವರೆಗೂ ಬದುಕಿರುತ್ತೆ. ಅಂಡದ ಆಯಸ್ಸು 12ರಿಂದ 24 ಗಂಟೆ, ಅಷ್ಟೇ. ಜಾರುಲೋಳೆ ಇಲ್ಲದ ದಿನ ಯೋನಿಯ ಹುಳಿಗೆ ವೀರ್ಯಾಣು ಕೆಲವೇ ಗಂಟೆಗಳಲ್ಲಿ ಸಾಯುತ್ತೆ. ಹಾಗಾಗಿ ಗರ್ಭ ನಿಲ್ಲುವ ಅವಕಾಶ ತಿಂಗಳಲ್ಲಿ ಸುಮಾರು 6 ದಿನ.

ಮದುವೆಯಾಗಿ ಎರಡನೇ ವರ್ಷಕ್ಕೆ ಬಿದ್ದಿದ್ದ ಒಬ್ಬ ಹುಡುಗಿ. ಗಂಡ ಬೆಂಗಳೂರಲ್ಲಿ ಕ್ಯಾಬ್ ಓಡಿಸುವವನು. ಶನಿವಾರ ರಾತ್ರಿ ರೈಲಿಗೆ ಅರಸೀಕೆರೆಯಲ್ಲಿ ಇಳಿದು ಭಾನುವಾರ ರಾತ್ರಿ ವಾಪಸ್. ಅತ್ತೆ ಆಗಲೇ ಹರಕೆ, ನಾಟಿ ಔಷಧಿ, ಪುಡಿ ಅಂತ ಶುರುಮಾಡಿದ್ದರು, ಬಿಳಿ ಹೋಗುವುದರಿಂದಲೇ ಗರ್ಭ ನಿಲ್ಲುತ್ತಿಲ್ಲ ಅಂತ ಊರೆಲ್ಲ ಸಾರಿದ್ದರು. ಅವಳು ತಂದ ಕ್ಯಾಲೆಂಡರ್ ಹಾಳೆಗಳನ್ನು ಮೇಜಿನ ಮೇಲೆ ಹರಡಿದೆ. ಚಕ್ರ ಒಂದು ದಿನ ಆಚೀಚೆ ಬಿಟ್ಟರೆ 28. 28 ಅಂದರೆ ಸರಿಯಾಗಿ ನಾಲ್ಕು ವಾರ, ಆದ್ದರಿಂದ ಪ್ರತಿ ತಿಂಗಳೂ ಅದೇ ವಾರಕ್ಕೇ ಎಲ್ಲ ಬರುತ್ತಿತ್ತು. ಮುಟ್ಟು ಶನಿವಾರ. ಜಾ ಶುರುವಾಗುವುದು 10ನೇ ದಿನದ ಸೋಮವಾರ, ಮುಗಿಯುವುದು ಆ ಗುರುವಾರ. ಗಂಡ ಬಂದಿಳಿಯುವ ಹೊತ್ತಿಗೆ ಒ. ಹಾಳೆ ಮೇಲೆ ಹಾಳೆ ಇಟ್ಟು ನೋಡಿದರೂ ಜಾ ಎಲ್ಲೂ ಶನಿವಾರದ ಮನೆಗೆ ಬಂದಿರಲಿಲ್ಲ. ಅವಳು ಮಾತಾಡಲಿಲ್ಲ, ಬೆರಳಿಟ್ಟು ಒಂದೊಂದೇ ವಾರ ಎಣಿಸಿದಳು. ಮುಂದೆ ಅವನು ರಜೆಯನ್ನು ವಾರದ ನಡುವಿಗೆ ಹಾಕಿಸಿಕೊಂಡ. ಮಗುವಾಯಿತೇ ಅಂತ ಎಲ್ಲರೂ ಕೇಳುತ್ತೀರಿ. ಆಯಿತು, ಆದರೆ ಬರೀ ಇದರಿಂದಲೇ ಅಂತ ನಾನು ಹೇಳಲಾರೆ. 35 ದಾಟದವರು ಒಂದು ವರ್ಷ, ದಾಟಿದವರು ಆರು ತಿಂಗಳು ಪ್ರಯತ್ನಪಟ್ಟೂ ಆಗದಿದ್ದರೆ ಕ್ಯಾಲೆಂಡರ್ ಮಡಿಚಿಟ್ಟು ಇಬ್ಬರೂ ಡಾಕ್ಟರ ಹತ್ತಿರ ಹೋಗಬೇಕು. ಇಬ್ಬರೂ ಅಂದೆ. ವೀರ್ಯ ಪರೀಕ್ಷೆ ಮೊದಲು ಆಗಲಿ, ಅದು ಸುಲಭ, ಅಗ್ಗ.

ಮಗು ಬೇಡ ಅನ್ನುವವರು ಇದೊಂದನ್ನೇ ನಂಬಿಕೊಳ್ಳುವುದಕ್ಕೆ ನನ್ನ ಒಪ್ಪಿಗೆ ಇಲ್ಲ. ನಡೆ ಗುರುತಿಸುವುದರಲ್ಲಿ 93 ಜನ ಗೆದ್ದ ಅದೇ ಅಧ್ಯಯನದಲ್ಲಿ, ವರ್ಷದಲ್ಲಿ ನೂರಕ್ಕೆ 20ಕ್ಕೂ ಹೆಚ್ಚು ಮಂದಿ ಬಸುರಾದರು. ಹೆಚ್ಚಿನವರಿಗೆ ದಿನ ಗೊತ್ತಿತ್ತು, ಆ ದಿನ ದೂರ ಇರೋಕೆ ಆಗಲಿಲ್ಲ. ಹೆಂಡತಿ ಬೇಡ ಅಂದರೆ ಕೇಳುವ ಗಂಡ ಎಲ್ಲ ಮನೆಯಲ್ಲೂ ಇರುತ್ತಾನೆಯೇ? ಕಾಪರ್-ಟಿ ಹಾಕಿಸಿಕೊಂಡವರಲ್ಲಿ ವರ್ಷಕ್ಕೆ ನೂರಕ್ಕೆ ಒಬ್ಬರಿಗಿಂತ ಕಡಿಮೆ.

ನಡೆ ಕಾಣದ ಕಾಲಗಳು

ಹುಟ್ಟಿದ ಹೆಣ್ಣುಮಗುವಿನ ಮೊದಲ ವಾರದಲ್ಲಿ ಬಿಳಿ, ಒಂದು ತೊಟ್ಟು ರಕ್ತ ಕೂಡ ಕಾಣಬಹುದು. ತಾಯಿಯ ಹಾರ್ಮೋನು ಇಳಿಯುವ ಪರಿಣಾಮ, ತಾನಾಗಿ ನಿಲ್ಲುತ್ತೆ. ಮೈನೆರೆಯುವುದಕ್ಕೆ ಆರು ತಿಂಗಳಿಂದ ಒಂದು ವರ್ಷದ ಮುಂಚೆಯೇ ಹುಡುಗಿಯರಿಗೆ ಬಿಳಿ ಶುರುವಾಗುತ್ತೆ; ಮಗಳ ಚಡ್ಡಿಯಲ್ಲಿ ಕಲೆ ಕಂಡರೆ ಬೈಯದೆ, ಮುಟ್ಟಿನ ವಿಷಯ ಹೇಳಿಕೊಡುವ ಹೊತ್ತು ಬಂತು ಅಂದುಕೊಳ್ಳಿ. ಬಸುರಿಯಲ್ಲಿ ಹಾಲಿನಂಥ ಬಿಳಿ ಜಾಸ್ತಿ. ಏಳೆಂಟು ತಿಂಗಳಲ್ಲಿ ನೀರು ಸುರಿದ ಹಾಗೆ ಹೋದರೆ ಮಾತ್ರ ಅದು ಬಿಳಿಯಲ್ಲ, ನೆತ್ತಿನೀರು ಒಡೆದಿರಬಹುದು, ತಕ್ಷಣ ಆಸ್ಪತ್ರೆ. ಎದೆಹಾಲು ಕುಡಿಸುವವರಿಗೆ ತಿಂಗಳುಗಟ್ಟಲೆ ಒಣ. ಪಿಸಿಓಡಿ ಅನ್ನುವ ಹಾರ್ಮೋನು ಏರುಪೇರಿನ ತೊಂದರೆ ಇರುವವರಿಗೆ ಜಾ ಬಂದು, ಹೋಗಿ, ಮತ್ತೆ ಬಂದು ಆಟವಾಡಿಸುತ್ತೆ, ಮೈ ಅಂಡ ಬಿಡಲು ಪ್ರಯತ್ನಿಸಿ ಪ್ರಯತ್ನಿಸಿ ಕೈಬಿಡುವುದರಿಂದ. ಗರ್ಭನಿರೋಧಕ ಮಾತ್ರೆ, "ಅಂತರ" ಅನ್ನುವ ಗರ್ಭನಿರೋಧಕ ಚುಚ್ಚುಮದ್ದು ತಗೊಂಡವರು ಈ ನಡೆ ಹುಡುಕಲೇಬೇಡಿ, ಅವು ಲೋಳೆಯನ್ನು ಮಂದವಾಗಿಯೇ ಇಡುತ್ತವೆ.

ಕ್ಯಾಲೆಂಡರಿಗೆ ಜಗ್ಗದ ಬಿಳಿ

ತಿಂಗಳ ನಡೆಗೆ ಸಂಬಂಧವಿಲ್ಲದೆ, ಚುಕ್ಕೆಗಳ ಜೊತೆಗೆ ಬರುವುದು ಸೋಂಕು. ಮೊಸರು ಒಡೆದಂಥ ಗಟ್ಟಿ ಬಿಳಿ, ವಾಸನೆ ಇಲ್ಲ, ತಡೆಯಲಾರದ ನವೆ, ಮೂತ್ರ ತಗುಲಿದರೆ ಉರಿ ಅಂದರೆ ಹೆಚ್ಚಾಗಿ ಕ್ಯಾಂಡಿಡಾ ಅನ್ನುವ ಶಿಲೀಂಧ್ರ. ಆಂಟಿಬಯೋಟಿಕ್ ನುಂಗಿದ ಮೇಲೆ, ಬಸುರಿನಲ್ಲಿ, ಸಕ್ಕರೆ ಕಾಯಿಲೆ ಇದ್ದವರಿಗೆ ಬರುತ್ತೆ. ಮತ್ತೆ ಮತ್ತೆ ಬಂದರೆ ಶುಗರ್ ಪರೀಕ್ಷೆ ಮಾಡಿಸಿ, ಕೆಲವರಿಗೆ ಡಯಾಬಿಟಿಸ್ ಇದೆ ಅಂತ ಗೊತ್ತಾದದ್ದೇ ಹೀಗೆ. ಬೂದುಬಿಳಿ, ತೆಳು, ಮೀನಿನ ವಾಸನೆ, ಸಂಭೋಗದ ನಂತರ ವಾಸನೆ ಇನ್ನೂ ಹೆಚ್ಚು ಅಂದರೆ ಒಳ್ಳೇ ಬ್ಯಾಕ್ಟೀರಿಯಾ ಕಡಿಮೆಯಾಗಿ ಬೇರೆಯವು ಬೆಳೆದಿವೆ. ಇದರಲ್ಲಿ ನವೆ ಅಷ್ಟಿರಲ್ಲ. ಹಸಿರು ಹಳದಿ, ನೊರೆನೊರೆ, ಉರಿ ಅಂದರೆ ಟ್ರೈಕೊಮೊನಾಸ್ ಅನ್ನುವ ಕ್ರಿಮಿ ಇರಬಹುದು. ಇದು ಸಂಭೋಗದಿಂದ ದಾಟುವುದು, ಗಂಡನಿಗೂ ಮಾತ್ರೆ ಕೊಡದಿದ್ದರೆ ಹೆಂಡತಿಗೆ ವಾಪಸ್ ಬರುತ್ತೆ. "ನಂಗೇನಾಗಿದೆ ಅಂತ ಮಾತ್ರೆ" ಅಂದವರಿಗೆ ನಾನು ಎದುರಿಗೇ ನುಂಗಿಸಿ ಕಳಿಸಿದ್ದೇನೆ. ಕೀವಿನಂಥ ಬಿಳಿಯ ಜೊತೆ ಕೆಳಹೊಟ್ಟೆ ನೋವು, ಜ್ವರ ಇದ್ದರೆ ಅದೇ ದಿನ ತೋರಿಸಿ. ಸೋಂಕು ಗರ್ಭನಾಳಕ್ಕೆ ಏರಿದ್ದರೆ ಮುಂದೆ ಮಗುವಾಗುವುದಕ್ಕೇ ತೊಂದರೆ.

ಬಣ್ಣ ನೋಡಿ ಮನೆಯಲ್ಲೇ ಕಾಯಿಲೆ ಹೆಸರಿಡಬೇಡಿ, ಎರಡು ಮೂರು ಸೋಂಕು ಒಟ್ಟಿಗೆ ಇರುವುದೂ ಉಂಟು. ಅದಕ್ಕಿಂತ ಮುಖ್ಯ, ತೊಳೆದು ಸರಿಮಾಡುತ್ತೇನೆ ಅನ್ನಬೇಡಿ. ಡೆಟಾಲ್ ನೀರು, ಸ್ಫಟಿಕದ ನೀರು, ಟಿವಿಯಲ್ಲಿ ಬರುವ ಘಮಘಮ ವಾಶು, ಇವೆಲ್ಲ ಆ ಹುಳಿಯನ್ನು, ಒಳ್ಳೇ ಬ್ಯಾಕ್ಟೀರಿಯಾವನ್ನು ತೊಳೆದುಹಾಕಿ ಸೋಂಕಿಗೆ ಬಾಗಿಲು ತೆಗೆಯುತ್ತವೆ. ಬೆಳ್ಳುಳ್ಳಿ ಎಸಳು ಒಳಗಿಟ್ಟುಕೊಂಡು ಸುಟ್ಟ ಗಾಯದಂತೆ ಮಾಡಿಕೊಂಡು ಬಂದವರನ್ನೂ ಕಂಡಿದ್ದೇನೆ. ಹೊರಭಾಗಕ್ಕೆ ಬರೀ ನೀರು ಸಾಕು. ಒಳಭಾಗ ತನ್ನನ್ನು ತಾನೇ ತೊಳೆದುಕೊಳ್ಳುತ್ತೆ, ಆ ಬಿಳಿ ಹೊರಬರುವುದೇ ಅದಕ್ಕೆ.

ರಕ್ತದ ಬಗ್ಗೆ ಗಟ್ಟಿಯಾಗಿ ಹೇಳುತ್ತೇನೆ. ಸಂಭೋಗವಾದ ಮೇಲೆ ರಕ್ತ, ಮುಟ್ಟು ನಿಂತು ವರ್ಷ ಕಳೆದವರಿಗೆ ಒಂದು ತೊಟ್ಟು ರಕ್ತ, ರಕ್ತ ಬೆರೆತ ದುರ್ವಾಸನೆಯ ನೀರು, ಇವು ಯಾವ ಚಕ್ರಕ್ಕೂ ಸೇರಿದ್ದಲ್ಲ. ಗರ್ಭಕೋಶದ ಬಾಯಿಯ ಕ್ಯಾನ್ಸರ್ ಹೀಗೆ ತೋರಿಕೊಳ್ಳುತ್ತೆ. 30 ದಾಟಿದವರಿಗೆ ಸರ್ಕಾರಿ ಆಸ್ಪತ್ರೆಗಳಲ್ಲಿ ವಿಐಎ ಪರೀಕ್ಷೆ ಇದೆ: ಗರ್ಭಕೋಶದ ಬಾಯಿಗೆ ತೆಳು ಅಸಿಟಿಕ್ ಆಮ್ಲ ಹಚ್ಚಿ, ಬೆಳ್ಳಗಾಗುವ ಜಾಗ ಇದೆಯೇ ಅಂತ ನೋಡುತ್ತಾರೆ. ಕೆಲವೇ ನಿಮಿಷ, ಕೊಯ್ಯುವುದಿಲ್ಲ. ಬಿಳಿ ಇರಲಿ ಬಿಡಲಿ, 5 ವರ್ಷಕ್ಕೊಮ್ಮೆ ಮಾಡಿಸಿಕೊಳ್ಳಿ.

ಆಸ್ಪತ್ರೆಗೆ ಹೋಗುವಾಗ

ಜಿಲ್ಲಾ ಆಸ್ಪತ್ರೆಗಳಲ್ಲಿ, ಹಲವು ತಾಲ್ಲೂಕು ಆಸ್ಪತ್ರೆಗಳಲ್ಲೂ ಸುರಕ್ಷಾ ಕ್ಲಿನಿಕ್ ಅನ್ನುವ ಕೋಣೆ ಇರುತ್ತೆ. ಬಿಳಿಗೆ ಔಷಧಿ ಅಲ್ಲಿ ಉಚಿತ, ಹಸಿರು ಪೊಟ್ಟಣದ ಕಿಟ್. ಬಸುರಿಯಾಗಿದ್ದರೆ ಅಥವಾ ಮುಟ್ಟು ತಪ್ಪಿದ್ದರೆ ಮೊದಲೇ ಹೇಳಿ, ಆ ಕಿಟ್ಟಿನ ಮಾತ್ರೆ ಬಸುರಿಗೆ ಆಗಲ್ಲ, ಬೇರೆ ಕೊಡುತ್ತಾರೆ. ಹದಿಹರೆಯದವರಿಗೆ ಸ್ನೇಹ ಕ್ಲಿನಿಕ್ ಇದೆ. ಮದುವೆಯಾಗದ ಹುಡುಗಿಯರು ಒಳಪರೀಕ್ಷೆಗೆ ಹೆದರಿ ವರ್ಷಗಟ್ಟಲೆ ನವೆ ನುಂಗಿಕೊಂಡಿರುತ್ತಾರೆ. ಸಂಪರ್ಕವೇ ಆಗಿರದವರಿಗೆ ಸಾಮಾನ್ಯವಾಗಿ ಒಳಗೆ ಸಾಧನ ಹಾಕುವುದಿಲ್ಲ, ಹೊರಗಿನಿಂದಲೇ ನೋಡುತ್ತಾರೆ. ನಿಮ್ಮನ್ನು ಕೇಳದೆ ಯಾರೂ ಏನೂ ಮಾಡುವಂತಿಲ್ಲ. ಮುಟ್ಟಿನ ದಿನ ಬಿಟ್ಟು ಹೋಗಿ, ಹಿಂದಿನ ದಿನ ಯಾವ ಕ್ರೀಮೂ ಒಳಗಿಡುವ ಮಾತ್ರೆಯೂ ಬೇಡ.

ಡಾಕ್ಟರು ಗಂಡಸಾಗಿದ್ದು ಬಾಯಿ ಬರದಿದ್ದರೆ ಚೀಟಿ ಬರೆದುಕೊಂಡು ಹೋಗಿ ಮೇಜಿನ ಮೇಲಿಡಿ. ನಮ್ಮೂರ ಕಾಲೇಜು ಹುಡುಗಿಯೊಬ್ಬಳಿಗೆ ನಾನು ಬರೆಸಿದ್ದು ಹೀಗಿತ್ತು: "ಮುಟ್ಟಾದದ್ದು 4ನೇ ತಾರೀಖು. ಜಾರುಲೋಳೆ 15ರಿಂದ 18, ಅದು ಪ್ರತಿ ತಿಂಗಳೂ ಬರುತ್ತೆ. 22ರಿಂದ ಮೊಸರಿನಂಥ ಬಿಳಿ, ನವೆ ಇದೆ, ವಾಸನೆ ಇಲ್ಲ, ಹೊಟ್ಟೆನೋವು ಇಲ್ಲ. ಹೋದ ವಾರ ಹಲ್ಲಿನ ಬಾವಿಗೆ 5 ದಿನ ಆಂಟಿಬಯೋಟಿಕ್ ತಗೊಂಡಿದ್ದೆ. ಮನೆಯಲ್ಲಿ ಏನೂ ಹಚ್ಚಿಲ್ಲ."